ಅಂಗಿಯ ಕಿಸೆ

ಬಬಲೇಶ್ವರದ ಬಸ್ಸು ದಾರಿಯಲ್ಲಿ ಕೆಟ್ಟು ನಿಲ್ಲಬಹುದಿತ್ತು. ಅಪ್ಪನ ಸೈನ್ಯದ ಕಾಗದಗಳು ಕಿಟಕಿಯಿಂದ ಹಾರಿಹೋಗಬಹುದಿತ್ತು. ಅವ್ವ ಪರೀಕ್ಷೆ ಮಾಡುವ ಸಾಹೇಬರ ಮುಂದೆ ಅತ್ತುಬಿಡಬಹುದಿತ್ತು. ಎಂಟು ವರ್ಷದ ನಾನು ಈ ಚಿಂತೆಗಳನ್ನೆಲ್ಲ ವಿಜಾಪುರ ಬರುವುದರೊಳಗೆ ಶಿಸ್ತಾಗಿ ಮಾಡಿ ಮುಗಿಸಿದ್ದೆ. ಹೊಲಿಗೆ ಮಷೀನಿನ ಎಣ್ಣೆಯ ವಾಸನೆ ಬಂದರೆ ಇಂದಿಗೂ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಯುದ್ಧದಲ್ಲಿ ಬಲಗೈ ಕಳೆದುಕೊಂಡು ಬಂದಿದ್ದ. ಮಾಜಿ ಸೈನಿಕರ ಕಲ್ಯಾಣ ಸಂಘದವರು ಅವ್ವನಿಗೆ ಹೊಲಿಗೆ ಕಲಿಸಿದ್ದರು. ಅಂದು ಸಂಘದ ಕಚೇರಿಯಲ್ಲಿ ಪರೀಕ್ಷೆ. ಅವರ ಕಣ್ಣೆದುರು ಒಂದು ಅಂಗಿ ಹೊಲಿದು ತೋರಿಸಿದರೆ ಮಷೀನು ನಮ್ಮ ಮನೆಗೆ.

"ಯವ್ವಾ, ಸೂಜಿ ಮುರದ್ರ ಹೆಂಗ ಬೇ?" ಎಂದೆ.

"ಮುರಿಯೂದಕ್ಕಿಂತ ಮೊದಲ ನಿನ್ನ ಬಾಯಿ ಹೊಲಿತೇನಿ ನೋಡ," ಎಂದಳು ಅವ್ವ.

ಮಷೀನು ಕಟಕಟ ಓಡಿತು. ಸೂಜಿ ಮುರಿಯಲಿಲ್ಲ, ಅವ್ವ ಅಳಲಿಲ್ಲ. ಸಂಘದ ಮುದುಕ ಸುಬೇದಾರ ಸಾಹೇಬರು ಅಂಗಿಯನ್ನು ಎದೆಗೆ ಹಿಡಿದುಕೊಂಡು, ಪೆನ್ನು ಸಿಕ್ಕಿಸಲು ಕಿಸೆ ಹುಡುಕಿದರು.

"ತಂಗೀ, ಹೊಲಿಗಿ ಭಾಳ ಚಲೋ ಐತಿ. ಆದ್ರ ಕಿಸೆ ಬಲಕ್ಕ ಯಾಕ ಹಚ್ಚೀಯವಾ?"

ಅವ್ವ ನಾಲಗೆ ಕಚ್ಚಿಕೊಂಡಳು. "ತಪ್ಪಾತ್ರಿ ಯಪ್ಪಾ. ನಮ್ಮ ಮನಿಯವ್ರಿಗೆ ಯಾವಾಗ್ಲೂ ಅಲ್ಲೇ ಹಚ್ಚತೇನ್ರಿ."

ಬಾಗಿಲಲ್ಲಿ ನಿಂತಿದ್ದ ಅಪ್ಪ ಅದೇ ಹೊತ್ತಿಗೆ, ಎಡಗೈಯನ್ನು ಎದೆಯ ಬಲಕ್ಕೆ ಒಯ್ದು, ಕಿಸೆಯಿಂದ ಬೀಡಿ ತೆಗೆಯುತ್ತಿದ್ದ. ಸಾಹೇಬರು ಅವನನ್ನು ನೋಡಿದರು. ಆಮೇಲೆ ಗಹಗಹಿಸಿ ನಕ್ಕು, ಆ ಅಂಗಿಯನ್ನು ಅವನ ಹೆಗಲಿಗೆ ಹಾಕಿದರು.

"ಟಾಂಗಾ ಕರೀರಿ, ಮಷೀನ್ ಏರಸ್ರಿ!"

ಅಂದು ತಪ್ಪಿದ್ದು ಆ ಕಿಸೆಯೊಂದೇ. ಅದರ ಚಿಂತೆಯೊಂದನ್ನೇ ನಾನು ಮಾಡಿರಲಿಲ್ಲ.