ಏಳು ಗಂಟೆಯೊಳಗೆ ಒಂದು ಬಲೆ

“ಐದು ಗಂಟೆ ರೌಂಡ್ ಆಯ್ತು ಅಂತ ಸೈನ್ ಹಾಕಿದ್ದೀರಲ್ಲ ಕಾಡಪ್ಪ, ಗಾಳೀಲಿ ತೇಲ್ಕೊಂಡು ಹೋದ್ರಾ?” ಎಂದ ಮ್ಯಾನೇಜರ್ ನಂದೀಶ್.

ಪೀಣ್ಯದ ಆ ಕಾರ್ಖಾನೆಯ ಹಿಂದೆ, ಶೆಡ್ಡಿಗೂ ಕಾಂಪೌಂಡಿಗೂ ನಡುವೆ ಒಬ್ಬರು ನಡೆಯುವಷ್ಟೇ ಸಂದಿ. ಅದಕ್ಕೆ ಅಡ್ಡಲಾಗಿ, ನೀರಿನ ಪೈಪಿನಿಂದ ಹರಳುಗಿಡದ ತನಕ, ಎದೆಯೆತ್ತರದಲ್ಲಿ ಜೇಡರ ಬಲೆ. ಒಂದೆಳೆಯೂ ಹರಿದಿರಲಿಲ್ಲ. ಹೋದ ವಾರ ಸಂದಿಯ ಕೊನೆಯ ಗೋದಾಮಿನಲ್ಲಿ ತಾಮ್ರದ ತಂತಿ ಕಳುವಾದ ಮೇಲೆ, ರಾತ್ರಿ ಕಾವಲಿನವನು ಗಂಟೆಗೊಮ್ಮೆ ಅಲ್ಲಿಗೆ ಹೋಗಿಬರಬೇಕೆಂದು ನಂದೀಶನೇ ಕಟ್ಟುನಿಟ್ಟು ಮಾಡಿದ್ದ. ಈಗ ಬೆಳಗಿನ ಆರು. ಬಲೆ ಹರಿಯದೆ ಆ ಕಡೆಗೆ ಮನುಷ್ಯ ಹೋಗಿಬಂದದ್ದು ಹೇಗೆ?

“ಐದಕ್ಕ ಹೋಗಿ ಬಂದೀನ್ರಿ ಸರ್. ಅಕಿ ಕಟ್ಟಿದ್ದು ಆಮ್ಯಾಲ,” ಎಂದ ಕಾಡಪ್ಪ. ಸಿಂದಗಿ ಕಡೆಯವನು, ಐವತ್ತೈದು ದಾಟಿದವನು.

“ಅಕಿ ಅಂದ್ರೆ ಯಾರು?”

ಕಾಡಪ್ಪ ಬಲೆಯ ನಡುವೆ ಕುಳಿತಿದ್ದ ಜೇಡವನ್ನು ತೋರಿಸಿದ. “ದಿನಾ ಬೆಳಕ ಹರಿಯೂ ಹೊತ್ತಿಗಿ ಹೊಸಾದು ಕಟ್ಟತಾಳ್ರಿ.”

“ಕಿವಿ ಮೇಲೆ ಹೂವ ಇಡ್ಬೇಡಿ. ಇಷ್ಟು ದೊಡ್ಡ ಬಲೆ ಒಂದು ಗಂಟೇಲಿ ಆಗೋಗುತ್ತಾ?” ನಂದೀಶ್ ಫೋನ್ ತೆಗೆದು ಸೆಕ್ಯೂರಿಟಿ ಏಜೆನ್ಸಿಗೆ ಬರೆದೇಬಿಟ್ಟ: ಈ ಗಾರ್ಡ್ ಸುಳ್ಳು ಸೈನ್ ಹಾಕುತ್ತಾನೆ, ನಾಳೆಯಿಂದ ಬೇಡ. ಕಳಿಸುವುದೊಂದು ಬಾಕಿ.

ಸುಳ್ಳ ಎನ್ನಿಸಿಕೊಂಡ ವಾಚ್‌ಮನ್‌ನನ್ನು ಪೀಣ್ಯದ ಇನ್ಯಾವ ಗೇಟಿನಲ್ಲೂ ನಿಲ್ಲಿಸಿಕೊಳ್ಳುವುದಿಲ್ಲ. ಬಾಗಲಗುಂಟೆಯ ಬಾಡಿಗೆ ಕೋಣೆಯಲ್ಲಿ ಹೆಂಡತಿ ಚನ್ನಕ್ಕ ಈ ಹೊತ್ತಿಗೆ ರೊಟ್ಟಿ ತಟ್ಟುತ್ತಿರುತ್ತಾಳೆ. ಅವಳ ಮುಂದೆ ಹೋಗಿ ಏನೆಂದು ಹೇಳುವುದು?

“ಒಂದು ತಾಸು ಕೊಡ್ರಿ ಸರ್. ನಿಮ್ಮ ಮುಂದನ ಇದನ್ನ ಹರೀತೀನಿ. ಅಕಿ ಕಟ್ಟಲಿಲ್ಲಂದ್ರ ನಾನ ಡ್ರೆಸ್ ಬಿಚ್ಚಿಟ್ಟು ಹೋಗತೀನಿ.”

“ಏಳು ಗಂಟೆ. ಒಂದು ನಿಮಿಷ ಜಾಸ್ತಿ ಇಲ್ಲ.”

ಲಾಠಿ ಎತ್ತಿದ ಕೈ ಮುಂದಕ್ಕೆ ಹೋಗಲಿಲ್ಲ. “ತಪ್ಪಾತು ನಮ್ಮವ್ವ,” ಎಂದು ಜೇಡಕ್ಕೇ ಹೇಳಿ, ಕಾಡಪ್ಪ ಕಣ್ಣು ಮುಚ್ಚಿ ಬಲೆಯನ್ನು ಹರಿದೆಳೆದ. ಜೇಡ ಗಾಬರಿಬಿದ್ದು ಹರಳೆಲೆಯ ಅಡಿಗೆ ಓಡಿತು.

ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ಹೊರಗೆ ಬಂದ ಜೇಡ, ಜೋತಾಡುತ್ತಿದ್ದ ಹರಕು ಎಳೆಗಳನ್ನು ಒಟ್ಟುಮಾಡಿ ತಿನ್ನತೊಡಗಿತು.

“ತಿಂತಾ ಇದೆಯಲ್ರೀ. ಕಟ್ಟೋದೆಲ್ಲಿ ಬಂತು?”

“ಹಳೇದು ಹೊಟ್ಟಿಗಿ ಹೋದ್ರನ ಹೊಸಾದು ಬರತೈತ್ರಿ. ನೂಲಿಗಿ ಅಕಿ ಯಾವ ಅಂಗಡಿಗಿ ಹೋಗಬೇಕು?”

ತಿಂದು ಮುಗಿಸಿದ ಜೇಡ ಎಲೆಯ ತುದಿಗೆ ಹೋಗಿ ಬೆನ್ನೆತ್ತಿ ನಿಂತು, ಒಂದೇ ಒಂದು ಎಳೆಯನ್ನು ಗಾಳಿಗೆ ಬಿಟ್ಟಿತು. ಗಾಳಿ ಆ ಎಳೆಯನ್ನು ಎದುರಿನ ಪೈಪಿಗೆ ಒಯ್ದು ಅಂಟಿಸಬೇಕು. ಮಿಕ್ಕ ಕೆಲಸವೆಲ್ಲ ಆಮೇಲೆ. ಆದರೆ ಆ ಸಂದಿಯಲ್ಲಿ ಗಾಳಿಯೇ ಇರಲಿಲ್ಲ. ಎಳೆ ಸುಮ್ಮನೆ ಇಳಿಬಿದ್ದಿತ್ತು. ತಾಳಿದವನು ಬಾಳಿಯಾನು ಎನ್ನುತ್ತಾರೆ, ನಿಜ, ಗಡಿಯಾರವೂ ತಾಳಬೇಕಲ್ಲ. ಆರೂ ಇಪ್ಪತ್ತಾಯಿತು. ಕಾಡಪ್ಪ ಮನಸ್ಸಿನಲ್ಲೇ ಮನೆದೇವರನ್ನು ಕರೆದ.

ಆಗ ನಂದೀಶನ ಕೈಯಲ್ಲಿದ್ದ ರೌಂಡಿನ ಪುಸ್ತಕ ಬೀಸಣಿಗೆಯಾಯಿತು. ತಾನೇನು ಮಾಡುತ್ತಿದ್ದೇನೆಂದು ಅವನಿಗೇ ಗೊತ್ತಾದಂತೆ ಕಾಣಲಿಲ್ಲ. “ಮೆಲ್ಲಕ ಸರ್, ಮೆಲ್ಲಕ,” ಎಂದ ಕಾಡಪ್ಪ. ಎಳೆ ಅಲುಗಿತು, ತೇಲಿತು, ಹೋಗಿ ಪೈಪಿಗೆ ಹತ್ತಿಕೊಂಡಿತು. ಇಬ್ಬರೂ ಒಟ್ಟಿಗೆ ಉಸಿರುಬಿಟ್ಟರು.

ಮುಂದಿನದನ್ನು ನಂದೀಶ್ ಕುಕ್ಕರಗಾಲಲ್ಲಿ ಕೂತು ನೋಡಿದ. ಜೇಡ ಮೊದಲು ಚೌಕಟ್ಟು ಕಟ್ಟಿತು. ನಡುವಿನಿಂದ ಚೌಕಟ್ಟಿಗೆ ಚಕ್ರದ ಕಡ್ಡಿಗಳಂತೆ ಎಳೆ ಹಾಯಿಸಿ, ಒಂದೊಂದನ್ನೂ ಕಾಲಿನಿಂದ ಮೀಟಿ ಬಿಗಿ ನೋಡಿತು. ಆಮೇಲೆ ಹೊರಗಿನಿಂದ ಒಳಕ್ಕೆ ಸುತ್ತಲು ಶುರುಮಾಡಿತು. ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವಿನ ಅಂತರ ಅಳೆಯಲು ಅದಕ್ಕೆ ತನ್ನ ಕಾಲೇ ಸಾಕಾಗಿತ್ತು. ಕಾಂಪೌಂಡಿನ ಮೇಲಿಂದ ಬಿಸಿಲು ಇಳಿದಾಗ, ಅಲ್ಲಿಯವರೆಗೆ ಕಾಣದಿದ್ದ ಎಳೆಗಳೆಲ್ಲ ಒಮ್ಮೆಲೇ ಕಂಡವು. ನೋಡಲು ಎರಡು ಕಣ್ಣು ಸಾಲದು.

“ಕಂಪ್ಯೂಟರ್ ಇರೋ ನಮ್ಮ ಸಿಎನ್‌ಸಿ ಮೆಷಿನ್‌ಗೂ ಇಷ್ಟು ಸಮ ಬರಲ್ಲ ಕಣ್ರೀ,” ಎಂದ ನಂದೀಶ್. ಅವನ ದನಿ ತಗ್ಗಿತ್ತು.

ಅಷ್ಟರಲ್ಲಿ ಪಕ್ಕದ ಕಾರ್ಖಾನೆಯ ಸೈರನ್ ಕೂಗಿತು. ಕಾಡಪ್ಪನ ಮುಖ ಬಾಡಿತು. ಸುಳ್ಳು ಹೇಳಿ ಗೊತ್ತಿಲ್ಲದವನು, ತಾನೇ ಬಾಯಿಬಿಟ್ಟ.

“ಏಳಾತ್ರಿ ಸರ್. ಇನ್ನೂ ನಾಕೈದು ಸುತ್ತು ಉಳದಾವು.”

“ಸುಮ್ನಿರಿ ಅಣ್ಣ, ಅವಳ ಕೆಲಸ ಮುಗೀಲಿ.” ನಂದೀಶ್ ಫೋನ್ ತೆಗೆದು, ಬರೆದಿದ್ದನ್ನು ಕಾಡಪ್ಪನ ಎದುರೇ ಅಳಿಸಿದ. “ತಪ್ಪು ತಿಳ್ಕೊಂಡ್ಬಿಟ್ಟೆ. ಮನಸ್ಸಿಗೆ ಹಚ್ಕೋಬೇಡಿ.”

ಕಾಡಪ್ಪ ಕಣ್ಣೊರೆಸಿಕೊಂಡ. ಕೊನೆಯ ಸುತ್ತು ಮುಗಿಸಿದ ಜೇಡ ನಡುವೆ ಹೋಗಿ ಕುಳಿತದ್ದನ್ನು ನೋಡಿ, ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

“ಎಲ್ಲಿಗೆ?”

“ಏಳರ ರೌಂಡ್ ಐತಲ್ರಿ.”

“ಮತ್ತೆ ಹರಿದುಹೋಗುತ್ತಲ್ಲ. ಇದೊಂದು ರೌಂಡ್ ಬಿಡಿ, ನಾನೇ ಹೇಳ್ತಿದ್ದೀನಿ.”

“ಡ್ಯೂಟಿ ಡ್ಯೂಟೀನ ಸರ್.” ಕಾಡಪ್ಪ ನೆಲಕ್ಕೆ ಎರಡೂ ಕೈಯೂರಿ, ಬೆಳಕು ಹರಿದ ಮೇಲಿನ ರೌಂಡಿಗೆ ದಿನವೂ ಮಾಡಿ ರೂಢಿಯಾದವನಂತೆ, ಬಲೆಯ ಕೆಳಗೆ ಅಂಬೆಗಾಲಿಕ್ಕಿ ಆ ಕಡೆಗೆ ದಾಟಿಬಿಟ್ಟ. ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಂಡ. ಹಿಂದೆ ಏನೋ ಸದ್ದಾಯಿತೆಂದು ತಿರುಗಿದರೆ, ನಂದೀಶ್ ಬ್ಯಾಗನ್ನು ಗೋಡೆಗೊರಗಿಸಿ, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ನೆಲಕ್ಕೆ ಮಂಡಿಯೂರಿದ್ದ.

“ತಲಿ ಇನ್ನೊಂದೀಟು ತಗ್ಗಸ್ರಿ ಸರ್,” ಎಂದ ಕಾಡಪ್ಪ.