ಎರಡು ಉಸಿರು

ಅರವತ್ತು ಅಡಿ ನೀರಿನ ಕೆಳಗೆ ಕನಕರಾಜು ಉಸಿರೆಳೆದ, ಗಾಳಿ ಬರಲಿಲ್ಲ. ಇನ್ನೊಮ್ಮೆ ಎಳೆದ. ಬೆನ್ನ ಮೇಲಿನ ಸಿಲಿಂಡರು ಖಾಲಿ. ಪಾಂಡವಪುರದ ಕಡೆಯ ಹಳೇ ಕಲ್ಲುಕ್ವಾರಿಯ ನೀರಿಗೆ ಹಿಂದಿನ ದಿನ ಒಂದು ಟ್ರಾಕ್ಟರು ಉರುಳಿತ್ತು. ಡ್ರೈವರು ಹಾರಿಕೊಂಡು ಬದುಕಿದ್ದ. ಟ್ರಾಕ್ಟರಿಗೆ ಕ್ರೇನಿನ ಕೊಕ್ಕೆ ಸಿಕ್ಕಿಸಲು ಕನಕರಾಜು ಮತ್ತು ಇಮಾಮ್ ಇಳಿದಿದ್ದರು. ಟ್ರೈಲರಿನ ನೈಲಾನ್ ಹಗ್ಗ ಕನಕರಾಜುವಿನ ಕಾಲಿಗೆ ಸುತ್ತಿಕೊಂಡು, ಬಿಡಿಸಿಕೊಳ್ಳಲು ಒದ್ದಾಡಿ ಒದ್ದಾಡಿ ಅವನು ಇದ್ದ ಗಾಳಿಯನ್ನೆಲ್ಲ ಮುಗಿಸಿಬಿಟ್ಟಿದ್ದ.

ಎರಡು ಮಾರು ಆಚೆ ಇಮಾಮನ ಟಾರ್ಚು ಕಾಣಿಸಿತು. ಕನಕರಾಜು ಕತ್ತಿನ ಮೇಲೆ ಅಡ್ಡಡ್ಡ ಕೈ ಆಡಿಸಿದ. ಗಾಳಿ ಮುಗಿದಿದೆ ಎನ್ನುವುದಕ್ಕೆ ಅದೇ ಸನ್ನೆ.

ಹನ್ನೆರಡು ವರ್ಷದ ಜೊತೆಗಾರರು ಅವರು. ಶ್ರೀರಂಗಪಟ್ಟಣದ ಸುತ್ತಮುತ್ತ ನಾಲೆಗೆ ಕಾರು ಬಿದ್ದರೂ, ಹೊಳೆಯಲ್ಲಿ ಯಾರು ಮುಳುಗಿದರೂ ಪೊಲೀಸರ ಫೋನು ಬರುತ್ತಿದ್ದುದು ಇವರಿಗೇ. ಸಿಲಿಂಡರಿಗೆ ಎರಡು ಕೊಳವೆ ಇರಬೇಕು, ಒಂದು ತನಗೆ, ಒಂದು ಆಪತ್ತಿನಲ್ಲಿ ಜೊತೆಯವನಿಗೆ. ನಾಲೆಯ ಜೊಂಡಿಗೆ ಸಿಕ್ಕಿಕೊಳ್ಳುತ್ತದೆಂದು ಆ ಎರಡನೆಯದನ್ನು ಇಬ್ಬರ ಸಿಲಿಂಡರಿನಿಂದಲೂ ಕನಕರಾಜುವೇ ಬಿಚ್ಚಿಸಿದ್ದ. ಹತ್ತಡಿ ನಾಲೆಯಲ್ಲಿ ಗಾಳಿ ಮುಗಿದರೇನು, ತಲೆ ಮೇಲೆತ್ತಿದರಾಯಿತು!

"ಅಂಗಾರೆ ಒಂದೇ ಕೊಳ್ವೇಲಿ ಇಬ್ರೂ ಉಸ್ರಾಡಾದಾದ್ರೂ ಕಲ್ತ್ಕಳವ ಬಾರ್ಲಾ," ಎಂದು ಬೆಳಗೊಳದ ನಾಲೆಯ ಮೆಟ್ಟಿಲ ಮೇಲೆ ಇಮಾಮ್ ಎಷ್ಟು ಸಲ ಕರೆದಿದ್ದನೋ. "ಎರಡು ಉಸ್ರು ನಿಂಗೆ, ಎರಡು ನಂಗೆ. ಅಷ್ಟೇಯ."

"ನಿನ್ ಎಂಜ್ಲ ಬಾಯ್ಗಿಕ್ಕಳನಾ? ಓಗ್ಲಾ ಅತ್ಲಾಗೆ!"

ಜಾತಿಗೀತಿಯ ಮಾತಲ್ಲ ಅದು. ಹೆಂಡತಿ ಕಚ್ಚಿದ ಹಣ್ಣನ್ನೂ ಮುಟ್ಟದ, ತನ್ನ ಬಾಟಲಿಯ ನೀರನ್ನೂ ಎತ್ತಿಯೇ ಕುಡಿಯುವ ಗಿರಾಕಿ ಕನಕರಾಜು. "ನಿನ್ನಂತೋನ್ಗೆ ದ್ಯಾವ್ರು ಗಾಳೀನ ಪೊಟ್ಣ ಕಟ್ಟಿ ಬ್ಯಾರೆ ಕೊಡ್ಬೇಕಿತ್ತು ಕಣ್ಲಾ," ಎಂದು ಇಮಾಮ್ ನಗುತ್ತಿದ್ದ. ಆ ಪಾಠ ಹಾಗೇ ಉಳಿದುಹೋಗಿತ್ತು.

ಈಗ ಇಮಾಮ್ ಹತ್ತಿರ ಬಂದವನೇ ಎರಡು ಸಲ ಉಸಿರೆಳೆದು, ತನ್ನ ಬಾಯೊಳಗಿನ ಕೊಳವೆಯನ್ನು ತೆಗೆದು ಕನಕರಾಜುವಿನ ಬಾಯಿಗಿಟ್ಟ. ಎಂಜಲು ಎಲ್ಲಿ ಹೋಯಿತೋ! ಹೋದ ಜೀವ ಬಂದಂತಾಯಿತು. ಕನಕರಾಜು ಎರಡು ಎಳೆದು ವಾಪಸು ಕೊಟ್ಟ. ಇಮಾಮ್ ಎರಡು ಎಳೆದು ಮತ್ತೆ ಕೊಟ್ಟ. ಸೊಂಟದ ಚಾಕು ಹಿರಿದು, ಬಗ್ಗಿ, ಹಗ್ಗ ಕೊಯ್ಯತೊಡಗಿದ.

ಕನಕರಾಜು ಎರಡು ಉಸಿರೆಳೆದ. ಮೂರನೆಯದನ್ನೂ ಎಳೆದ. ಇಮಾಮ್ ಅವನ ತೋಳು ತಟ್ಟಿದ. ಕೊಡಬೇಕೆಂದು ಕನಕರಾಜುವಿಗೆ ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು. ಆದರೆ ಕೈ ಕೇಳಲಿಲ್ಲ. ಮಗು ಹಾಲಿನ ಸೀಸೆ ಹಿಡಿದಂತೆ ಎರಡು ಕೈಯಲ್ಲೂ ಕೊಳವೆಯನ್ನು ಅವುಚಿಕೊಂಡಿದ್ದ. ನಾಲ್ಕು. ಐದು. ಇಮಾಮ್ ಇನ್ನೊಮ್ಮೆ ತಟ್ಟಿದ, ಈ ಸಲ ಮೆಲ್ಲಗೆ. ಅವನ ಕೈಯಲ್ಲಿ ಚಾಕುವಿತ್ತು, ಬೇಕಿದ್ದರೆ ಕಿತ್ತುಕೊಳ್ಳಬಹುದಿತ್ತು. ಕಿತ್ತುಕೊಳ್ಳಲಿಲ್ಲ, ಮತ್ತೆ ಹಗ್ಗಕ್ಕೇ ಬಗ್ಗಿದ. ಹಗ್ಗ ತುಂಡಾಯಿತು. ಹಿಂದೆಯೇ ಚಾಕುವೂ ಅವನ ಕೈಯಿಂದ ಜಾರಿತು. ಆಗ ಕನಕರಾಜು ಕೊಳವೆಯನ್ನು ಅವನ ಬಾಯಿಗೊಡ್ಡಿದ. ಬಾಯಿ ಅದನ್ನು ಕಚ್ಚಿ ಹಿಡಿಯಲಿಲ್ಲ.

ನೀರಿನಿಂದ ಎದ್ದಾಗ ಇಮಾಮನ ಮೈ ಕನಕರಾಜುವಿನ ತೋಳಿನಲ್ಲಿತ್ತು, ಇಮಾಮನ ಕೊಳವೆ ಕನಕರಾಜುವಿನ ಬಾಯಲ್ಲಿತ್ತು. ದಡದಲ್ಲಿದ್ದವರು ನೋಡಿದ್ದು ಮೊದಲನೆಯದನ್ನು ಮಾತ್ರ. "ತನ್ ಜೀವ್ವ ಲೆಕ್ಕಿಸ್ದೆ ಜೊತೆಗಾರನ್ನ ಎತ್ಕಬಂದ ಕಣ್ರಪ್ಪೋ!" ಎಂದು ಕ್ರೇನಿನ ಪುಟ್ಟಸ್ವಾಮಿ ಕೂಗಿದ. "ಗೆಳೆಯ ಅಂದ್ರೆ ಇವ್ನು ಕಣ್ರಲಾ!"

ಮರುದಿನ ಮಧ್ಯಾಹ್ನ ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲೇ ಇಮಾಮನ ಹೆಂಡತಿ ಹಫೀಜಾ ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದಳು. ಕನಕರಾಜುವನ್ನು ಕಂಡವಳೇ ಕೈ ಮುಗಿದಳು. "ಯಾ ಜಲ್ಮದಲ್ಲಿ ನಿಮ್ ಋಣ ತೀರ್ಸನ ಕನಕಣ್ಣ? ನೀವ್ ಇಲ್ದೆ ಓಗಿದ್ರೆ ನಮ್ಮೋರು ಅಲ್ಲೇ ಉಳ್ಕತಿದ್ರು. ಅಲ್ಲಾ ನಿಮ್ಮನ್ನ ನೂರ್ಕಾಲ ಚೆಂದಾಗ್ ಮಡಗ್ಲಿ."

"ಅಂಗಲ್ಲ ಕಣವ್ವ..." ಎಂದ ಕನಕರಾಜು. ರಾತ್ರಿಯಿಡೀ ಅವನು ನಿದ್ದೆ ಮಾಡಿರಲಿಲ್ಲ. ತೋಳಿನ ಮೇಲೆ ಆ ಎರಡನೆಯ ಸಲದ ಮೆಲ್ಲನೆಯ ತಟ್ಟು ಹಾಗೇ ಇತ್ತು.

"ಜೀವ್ಕೇನೂ ಭಯ ಇಲ್ಲಾಂದ್ರು ಡಾಕುಟ್ರು. ಇನ್ನೂ ಪೂರಾ ಎಚ್ರ ಬಂದಿಲ್ಲ ಅಷ್ಟೇ. ಆಕ್ಸಿಜನ್ ಮಾಸ್ಕು ಮಡಗಿದ್ರೆ ಒಂದೆಲ್ಡು ಸಲ ಉಸ್ರೆಳ್ಕಂಡು ಕಿತ್ತಾಕ್ತಾರೆ. ನರ್ಸಮ್ಮ ಬೈತಾವ್ರೆ. ನಿಮ್ ಮಾತಾದ್ರೆ ಕೇಳ್ತಾರೆ, ವಸಿ ಏಳಿ ಅಣ್ಣ."

ಒಳಗೆ ಇಮಾಮ್ ಕಣ್ಣು ಮುಚ್ಚಿ ಮಲಗಿದ್ದ. ಎದೆ ಒಂದು ಸಲ ಏರಿ ಇಳಿಯಿತು. ಇನ್ನೊಂದು ಸಲ ಏರಿ ಇಳಿಯಿತು. ಆಮೇಲೆ ಬಲಗೈ ಮೇಲೆದ್ದು, ಮೂಗುಬಾಯಿ ಮುಚ್ಚಿದ್ದ ಮಾಸ್ಕನ್ನು ತೆಗೆದು ಮುಂದಕ್ಕೆ ಚಾಚಿ, ಯಾರನ್ನೋ ತಡಕಾಡಿತು.

"ನೋಡ್ದ್ರಾ? ಇಂಗೇಯ ಕಿತ್ತಾಕಾದು," ಎಂದಳು ಹಫೀಜಾ.

"ಕಿತ್ತಾಕ್ತಾ ಇಲ್ಲ ಕಣವ್ವ," ಎಂದ ಕನಕರಾಜು. "ನಂಗ್ ಕೊಡ್ತಾವ್ನೆ. ನೆನ್ನೆ ತಿರುಗ ಕೊಡ್ದೆ ಇದ್ದೋನು ನಾನು."

ಅವನು ಮಂಚದ ಪಕ್ಕ ಮಂಡಿಯೂರಿದ. ಇಮಾಮನ ಉಸಿರಿಗೆ ಒದ್ದೆಯಾಗಿದ್ದ ಆ ಮಾಸ್ಕಿಗೆ ಬಾಯಿ ಕೊಟ್ಟು ಎರಡು ಉಸಿರೆಳೆದ. ಎರಡೇ ಎರಡು. ಆಮೇಲೆ ಅದನ್ನು ಇಮಾಮನ ಮುಖಕ್ಕೆ ಇಟ್ಟ.