ಹಿಂದಿನ ಗೇಟು

ಅನುಮಾನ ಬಂದ ಪಾರ್ಸೆಲ್ಲೊಂದನ್ನು ಮುಟ್ಟದೆ ಪೊಲೀಸರಿಗೆ ಫೋನ್ ಮಾಡಿದ್ದಕ್ಕೆ ಹಂಸಾಳನ್ನು ಕೊರಿಯರ್ ಕಚೇರಿಯವರು ಒಂದು ವಾರ ಕೆಲಸದಿಂದ ಹೊರಗಿಟ್ಟಿದ್ದರು. ಪಾರ್ಸೆಲ್ಲಿನಲ್ಲಿ ಇದ್ದದ್ದು ಉಪ್ಪಿನಕಾಯಿ. ದೂರು ಕೊಟ್ಟವನು ಅರೆಕೆರೆಯ ಅಪಾರ್ಟ್‌ಮೆಂಟೊಂದರ ಸಂಘದ ಅಧ್ಯಕ್ಷ ಕೈಲಾಸ್. ಇನ್ನೊಂದು ಸಲ ಹೀಗಾದರೆ ಕೆಲಸಕ್ಕೆ ಬರಲೇಬೇಡ ಎಂದು ಕಚೇರಿಯವರು ಹೇಳಿದ್ದರು.

ಇವತ್ತು ಅದೇ ಕಟ್ಟಡದ ಮೆಟ್ಟಿಲ ಬುಡದಲ್ಲಿ ಅವಳ ಕೈ ಬ್ಯಾಗಿನೊಳಗೇ ನಿಂತುಬಿಟ್ಟಿತು.

ಮುಂದಿನ ಗೇಟಿಗೆ ನೀರಿನ ಟ್ಯಾಂಕರ್ ಅಡ್ಡ ನಿಂತಿದ್ದರಿಂದ ಹಿಂದಿನ ಗೇಟಿನಿಂದ ಬಂದಿದ್ದಳು. ಬೆಳಗ್ಗೆ ಗಡಿಬಿಡಿಯಲ್ಲಿ ತುಂಬಿಕೊಂಡ ಬ್ಯಾಗು. ಈ ಡಬ್ಬ ಆಗ ಕಣ್ಣಿಗೆ ಬಿದ್ದಿರಲಿಲ್ಲ. ಕಳಿಸಿದವರ ಹೆಸರಿಲ್ಲ. ಮೈತುಂಬ ಟೇಪು. ಮೂಲೆಯಲ್ಲಿ ಎಣ್ಣೆ ಇಳಿದ ಕಲೆ, ಅದರ ಪಕ್ಕ ಇಣುಕುವ ತಂತಿಯ ತುದಿ.

ಉಸಿರು ಬಿಗಿಹಿಡಿದು ಬ್ಯಾಗನ್ನು ಹಾಗೇ ನೆಲಕ್ಕಿಳಿಸಿದಳು. ಅಲುಗಿಸಬಾರದು, ಮೂಸಬಾರದು, ಹತ್ತಿರ ಫೋನ್ ತರಬಾರದು.

ಕೂಗಿದರೆ ಕೆಲಸ ಹೋಯಿತು. ಕೂಗದಿದ್ದರೆ? ಮೇಲೆಲ್ಲೋ ಒಂದು ಮಗು ನಕ್ಕಿತು.

"ಎಲ್ರೂ ಹೊರಗ್ ಬನ್ನಿ! ಈ ಪಾರ್ಸೆಲ್ ಸರಿಯಿಲ್ಲ!"

ಎರಡನೇ ಸಲ ಕೂಗುವ ಮೊದಲೇ ಬಾಗಿಲುಗಳು ತೆರೆದವು. ಏನೆಂದು ಯಾರೂ ಕೇಳಲಿಲ್ಲ. ತಲೆಗೆ ಟೋಪಿ, ಕೈಯಲ್ಲಿ ನೀರಿನ ಬಾಟಲಿ. ಮೇಲಿನ ಮನೆಯ ಅಲಮೇಲು ಅಜ್ಜಿಯ ಕಾಲಲ್ಲಿ ಲೇಸು ಬಿಗಿದ ಶೂ. ಎಲ್ಲರಿಗಿಂತ ಮುಂದೆ, ಮೊಬೈಲ್ ಎತ್ತಿ ಹಿಡಿದ ಕೈಲಾಸ್.

"ಏನಮ್ಮ, ಮತ್ತೆ ಉಪ್ಪಿನಕಾಯಿನಾ?"

"ಫೋನ್ ಬೇಡ ಸಾರ್, ದೂರ ಹೋಗಿ. ಕೈ ಮುಗೀತೀನಿ." ಅವಳು ಎರಡೂ ಕೈ ಜೋಡಿಸಿದಳು.

"ಹಾಂ, ಹಾಗೇ. ಸ್ವಲ್ಪ ಈ ಕಡೆ ತಿರುಗಿ."

ಎಲ್ಲರೂ ಚಪ್ಪಾಳೆ ತಟ್ಟಿದರು.

"ಮಾಕ್ ಡ್ರಿಲ್ ಮೇಡಂ! ಬಾಂಬ್ ಬಂದ್ರೆ ಏನ್ಮಾಡ್ಬೇಕು ಅಂತ ಪ್ರಾಕ್ಟೀಸು. ನಿನ್ನೆನೇ ಗ್ರೂಪಲ್ಲಿ ಹಾಕಿದ್ವಿ. ನಿಮಗೊಬ್ರಿಗೇ ಹೇಳಿರ್ಲಿಲ್ಲ. ಭಯ ಒರಿಜಿನಲ್ಲಾಗಿ ಬರ್ಲಿ ಅಂತ," ಎಂದ ಕೈಲಾಸ್.

ಹಂಸಾ ಗೋಡೆಗೆ ಒರಗಿದಳು. ಜನ ನಗುತ್ತ ಬ್ಯಾಗಿನ ಸುತ್ತ ನೆರೆದರು.

"ಸಖತ್ ಕಣ್ರೀ ಕೈಲಾಸ್, ಎಣ್ಣೆ ಕಲೆ ಬೇರೆ!" ಎಂದರು ಅಜ್ಜಿ.

"ಎಣ್ಣೆನಾ? ಅದು ನಮ್ ವಾಚ್‌ಮನ್ ಸುಭಾಷನ ಐಡಿಯಾ ಇರ್ಬೇಕು."

ಅಜ್ಜಿ ಬಗ್ಗಿ ಡಬ್ಬದತ್ತ ಬೆರಳು ಚಾಚಿದರು. ಅಷ್ಟರಲ್ಲಿ ಮುಂದಿನ ಗೇಟಿನಿಂದ ಸುಭಾಷ್ ಏದುಸಿರು ಬಿಡುತ್ತ ಓಡಿಬಂದ. ಕಂಕುಳಲ್ಲಿ ಒಂದು ರಟ್ಟಿನ ಡಬ್ಬ.

"ಸಾರಿ ಸಾರ್. ಮೇಡಂ ಹಿಂದಿನ ಗೇಟಲ್ಲಿ ಬಂದ್ಬಿಟ್ರು. ನಮ್ ಡಬ್ಬ ಅವರ ಬ್ಯಾಗಿಗೆ ಹಾಕೋಕೆ ಆಗ್ಲೇ ಇಲ್ಲ."

ನಗು ನಿಂತಿತು. ಅಜ್ಜಿಯ ಬೆರಳು ಗಾಳಿಯಲ್ಲೇ ಉಳಿಯಿತು. ಎಲ್ಲರಿಗಿಂತ ಮೊದಲು ಹಿಂದೆ ಸರಿದವನು ಕೈಲಾಸ್.

"ಏಯ್, ನಿನ್ ಬ್ಯಾಗ್ ತಾನೆ? ಎತ್ಕೊಂಡ್ ಆಚೆ ಹೋಗು!"

ಹಂಸಾ ಅಜ್ಜಿಯ ಕೈ ಹಿಡಿದೆಳೆದುಕೊಂಡು ಗೇಟಿನತ್ತ ನಡೆದಳು. "ಎತ್ತಲ್ಲ ಸಾರ್."